ಸಹಾಯ ಬೇಕು: ಮನೆಯ ನಾಲ್ಕು ಕಂಪ್ಯೂಟರಿಗೆ ಬ್ಯಾಕಪ್, ಪ್ರೂನ್ (ಹಳೇ ಬ್ಯಾಕಪ್ ಅಳಿಸಿ ಜಾಗ ಬಿಡಿಸೋದು) ಎಲ್ಲಿಂದ ಓಡಿಸ್ತೀರಿ?

ಎರಡು ವಿಂಡೋಸ್ ಲ್ಯಾಪ್‌ಟಾಪ್, ಒಂದು ಮ್ಯಾಕ್, ಒಂದು ಉಬುಂಟು, ಒಟ್ಟು 1.6 ಟಿಬಿ. ನ್ಯಾಸ್‌ನಲ್ಲಿ (ಮನೆ ನೆಟ್‌ವರ್ಕಿಗೆ ಹಾಕಿರೋ ಸ್ಟೋರೇಜ್ ಪೆಟ್ಟಿಗೆ) 4 ಟಿಬಿಯ ಎರಡು ಡಿಸ್ಕ್, ರೇಡ್ 1 (ಎರಡರಲ್ಲೂ ಅದೇ ಡೇಟಾ). ರೇಡ್ ಬ್ಯಾಕಪ್ ಅಲ್ಲ, ಗೊತ್ತು: ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಹೋಗುತ್ತೆ. ಅದಕ್ಕೇ ತಿಂಗಳಿಗೊಮ್ಮೆ ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿ ಬೇರೆ ಮನೇಲಿ ಇಡೋದು.

ಮ್ಯಾಕಿಗೆ ಅದರದ್ದೇ ಬ್ಯಾಕಪ್ ಸೌಲಭ್ಯ ಟೈಮ್ ಮಷೀನ್, ಅದಕ್ಕೆ 1 ಟಿಬಿ ಕೋಟಾ ಹಾಕಿದೀನಿ. ಇಲ್ಲಾಂದ್ರೆ ಇಡೀ ಜಾಗ ನುಂಗುತ್ತೆ. ಉಳಿದ ಮೂರಕ್ಕೆ ರೆಸ್ಟಿಕ್ ಅನ್ನೋ ಬ್ಯಾಕಪ್ ತಂತ್ರಾಂಶ; ನ್ಯಾಸ್‌ನಲ್ಲಿ ಅದರ ಬ್ಯಾಕಪ್ ತಗೊಳ್ಳೋ ರೆಸ್ಟ್ ಸರ್ವರ್ ಅಪೆಂಡ್-ಓನ್ಲಿಯಲ್ಲಿ (ಹೊಸದು ಸೇರಿಸಬಹುದು, ಹಳೇದು ಅಳಿಸೋಕಾಗಲ್ಲ). ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಹೊಕ್ಕರೂ ಹಳೇ ಸ್ನ್ಯಾಪ್‌ಶಾಟ್ (ಆಯಾ ಸಲದ ಬ್ಯಾಕಪ್) ಅಳಿಸೋಕಾಗಲ್ಲ. ತೊಡಕೂ ಅಲ್ಲೇ: ಲ್ಯಾಪ್‌ಟಾಪಿಂದ ಪ್ರೂನ್ ಆಗಲ್ಲ, ಡಿಸ್ಕ್ ತುಂಬ್ತಾ ಹೋಗುತ್ತೆ. ನ್ಯಾಸ್ ಒಳಗಿಂದ ಓಡಿಸಿದ್ರೆ ರೆಪೋ (ಬ್ಯಾಕಪ್ ಸಂಗ್ರಹ) ಪಾಸ್‌ವರ್ಡ್ ಅಲ್ಲೇ ಇಡಬೇಕು, ಎನ್‌ಕ್ರಿಪ್ಶನ್ ಇದ್ದೂ ಇಲ್ಲದ ಹಾಗೆ.

ನೀವು ಹೇಗೆ ಮಾಡ್ತಿದ್ದೀರಿ? ಕರೆಂಟ್ ಹೋದ್ರೆ ನ್ಯಾಸ್ ತಾನೇ ಶಟ್‌ಡೌನ್ ಆಗೋಕೆ ಯುಎಸ್‌ಬಿ ಪೋರ್ಟ್ ಇರೋ 600 ವಿಎ ಯುಪಿಎಸ್ ಸಾಕಾ?