ಅಪ್ಪ ಇಲ್ಲದ ಮೊದಲ ಬೇಸಿಗೆ: ಸಮುದ್ರಕ್ಕೆ ಹೋಗೋದಾ, ಬೇಡ್ವಾ?

ಕೇಳಿದವರು, ದಾವಣಗೆರೆಯಿಂದ:

ಅಪ್ಪ ತೀರಿಕೊಂಡು ಏಳು ತಿಂಗಳಾಯ್ತು. ಪ್ರತಿ ಏಪ್ರಿಲ್‌ನಲ್ಲಿ, ಮಕ್ಕಳ ಪರೀಕ್ಷೆ ಮುಗಿದ ವಾರ, ಹುಲಿಕಲ್ ಘಾಟಿ ಇಳಿದು ಮರವಂತೆಗೆ ಹೋಗಿ ಎರಡು ದಿನ ಇದ್ದು ಬರೋದು ನಮ್ಮ ಮನೆಯ ರೂಢಿ. ಅಪ್ಪ ಒಂದು ಸಲವೂ ನೀರಿಗೆ ಇಳಿದವರಲ್ಲ. ಪಂಚೆ ಎತ್ತಿ ಕಟ್ಟಿ, ನಮ್ಮೆಲ್ಲರ ಚಪ್ಪಲಿ ಸಾಲಾಗಿ ಜೋಡಿಸಿಟ್ಟುಕೊಂಡು ಮರಳ ಮೇಲೆ ಕೂತಿರೋರು. ಈಗ ಆರು ವರ್ಷದ ಮಗ "ಅಜ್ಜ ಇಲ್ಲ ಅಂದ್ರೆ ಸಮುದ್ರಾನೂ ಇಲ್ವಾ?" ಅಂತಾನೆ. ಅಮ್ಮ "ನೀವು ಹೋಗ್ಬನ್ನಿ" ಅಂತ ಒಳಗೆ ಹೋಗ್ತಾರೆ. ವರ್ಷಾಂತಿಕ ಆಗೋವರೆಗೆ ಪ್ರವಾಸ ಗಿವಾಸ ಬೇಡ ಅಂತ ದೊಡ್ಡಪ್ಪ ಹೇಳಿದ್ದಾರೆ. ಇಂಥ ಹೊತ್ತಲ್ಲಿ ಹೋಗಿಬಂದವರು ಇದ್ರೆ ಹೇಳಿ.

ಹುಬ್ಬಳ್ಳಿಯಿಂದ:

ನಮ್ಮ ಮನ್ಯಾವ್ರು ಹೋದ ಐದನೇ ತಿಂಗಳಿಗೆ ಹುಡುಗ್ರನ್ನ ಕರ್ಕೊಂಡು ಕಾರವಾರಕ್ಕ ಹೋಗಿದ್ದೆರೀ. ಮಂದಿ ಆಡಿಕೊಂಡ್ರು. ಹುಡುಗ್ರು ರಾತ್ರಿ ಎದ್ದು ಅಳೋವಾಗ ಆ ಮಂದಿ ಯಾರೂ ಬಂದಿರ್ಲಿಲ್ಲ ಬಿಡ್ರಿ.

ನಾ ಮಾಡಿದ ತಪ್ಪು ಬ್ಯಾರೆ. ಹುಡುಗ್ರ ಮುಂದ ಅಳಬಾರ್ದು ಅಂತ ಕಲ್ಲಾಗಿ ಕೂತಿದ್ದೆ. ಹಿರಿ ಮಗಳು ನನ್ನ ಮಾರಿ ನೋಡ್ಕೋತ ನಿಂತ್ಲೇ ಹೊರತು ನೀರಿಗಿ ಇಳೀಲಿಲ್ಲ. ಸಂಜಿಮುಂದ ಗಿರಮಿಟ್ ತಿನ್ನೋವಾಗ ಸಣ್ಣಾಂವ "ಪಪ್ಪಾ ಇದ್ದಿದ್ರ ಇನ್ನೊಂದ ಪ್ಲೇಟ್ ಕೊಡಸ್ತಿದ್ರು" ಅಂದ. ಅಷ್ಟ ಸಾಕಾತು, ಮೂರೂ ಮಂದಿ ಅಲ್ಲೇ ಅತ್ವಿ. ಗಿರಮಿಟ್ಟಿನಾಂವ ಗಾಬರಿ ಆಗಿ ನೀರು ತಂದುಕೊಟ್ಟ. ಆಮ್ಯಾಲ ಇನ್ನೊಂದ ಪ್ಲೇಟ್ ತಗೊಂಡ್ವಿ. ಕತ್ತಲ ಆಗೋತನಕ ಹುಡುಗ್ರು ತೆರಿ ಕೂಡ ಆಡಿದ್ರು.

ಅಮ್ಮಾರಿಗೆ "ಬರಲೇಬೇಕು" ಅನಬ್ಯಾಡ್ರಿ. "ಬರ್ರಿ, ನಿಮಗ ಸಾಕು ಅನಿಸಿದ ಕೂಡ್ಲೆ ತಿರುಗಿ ಬರೂಣು" ಅನ್ರಿ. ಹೇಳಿದ ಮ್ಯಾಲ ಹಂಗ ನಡಕೊಳ್ರಿ ಮತ್ತ.

ಮೈಸೂರಿನಿಂದ:

ಹೋಗಬೇಡಿ ಅನ್ನುವುದಿಲ್ಲ, ಆದರೆ ನಮಗಾದದ್ದು ಹೇಳುತ್ತೇನೆ. ತಾಯಿಯವರ ಅಸ್ಥಿ ಬಿಡಲು ಗೋಕರ್ಣಕ್ಕೆ ಹೋಗಿದ್ದೆವು. "ಇಷ್ಟು ದೂರ ಬಂದಿದ್ದೇವಲ್ಲ" ಎಂದು ಅದೇ ಮಧ್ಯಾಹ್ನ ಮಕ್ಕಳನ್ನು ಓಂ ಬೀಚ್‌ಗೆ ಕರೆದೊಯ್ದೆವು. ಬೆಳಿಗ್ಗೆ ತಲೆ ಬೋಳಿಸಿಕೊಂಡ ನಮ್ಮ ತಂದೆ ಅಲ್ಲಿ ಬಂಡೆಯ ಮೇಲೆ ಒದ್ದೆ ಟವೆಲ್ ಹೊದ್ದು ಕೂತಿದ್ದರು. ಯಾರೋ ಮೊಬೈಲ್ ಎತ್ತಿ "ಎಲ್ಲರೂ ಇಲ್ಲಿ ನೋಡಿ" ಎಂದರು. ಆ ಫೋಟೋ ವಿಷಯಕ್ಕೆ ನಾನೂ ನನ್ನ ತಂಗಿಯೂ ಮೂರು ತಿಂಗಳು ಮಾತು ಬಿಟ್ಟಿದ್ದೆವು. ಕರ್ಮಕ್ಕೆ ಹೋದ ದಿನವನ್ನು ಅದಕ್ಕೇ ಬಿಡಿ, ವಿಹಾರ ಬೇರೆ ದಿನಕ್ಕಿರಲಿ.

ಇನ್ನು ನಿಮ್ಮ ದೊಡ್ಡಪ್ಪ. ವರ್ಷದೊಳಗೆ ಹಬ್ಬ ಮಾಡದಿರುವುದು ನಮ್ಮಲ್ಲೂ ಇದೆ, ಅದಕ್ಕೇ ಅವರು ಹಾಗೆ ಹೇಳಿರಬಹುದು. ಆದರೆ ಅವರು ಕಳೆದುಕೊಂಡದ್ದು ತಮ್ಮನನ್ನು, ಅದನ್ನು ಮರೆಯಬೇಡಿ. ಹೊರಡುವ ಮುಂಚೆ ಒಂದು ಸಂಜೆ ಅವರ ಮನೆಗೆ ಹೋಗಿ ಕಾಫಿ ಕುಡಿದು ಹೇಳಿ ಬನ್ನಿ. ವಾಟ್ಸಾಪ್‌ನಲ್ಲಿ ಹೇಳಬೇಡಿ.

ಕುಂದಾಪುರದಿಂದ:

ನಮ್ಮ ಊರಿಗೆ ಬರುವವರು ನೀವು, ಅದಕ್ಕೆ ಬರೆಯುತ್ತಿದ್ದೇನೆ. ಮರವಂತೆ ನೋಡಲಿಕ್ಕೆ ಚಂದ, ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಮಕ್ಕಳ ಸ್ನಾನಕ್ಕೆ ಮಾತ್ರ ಹೇಳಿ ಮಾಡಿಸಿದ ಜಾಗ ಅಲ್ಲ. ಅಲ್ಲಲ್ಲಿ ಬಂಡೆಗಲ್ಲು ಪೇರಿಸಿದ್ದಾರೆ, ತೆರೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ನೀರಾಟ ಬೇಕಿದ್ದರೆ ಹೊನ್ನಾವರದ ಕಾಸರಕೋಡು ಅಥವಾ ಪಡುಬಿದ್ರಿಗೆ ಹೋಗಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ತೀರಗಳು ಅವು. ಸ್ನಾನಕ್ಕೆ ಗುರುತು ಹಾಕಿದ ಜಾಗ ಇರುತ್ತದೆ, ಜೀವರಕ್ಷಕರು ಇರುತ್ತಾರೆ. ಬರುವುದಿದ್ದರೆ ಮೇ ಮೊದಲ ವಾರದೊಳಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಯವರಿಗೇ ರಜೆ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು.

ಸಾವಿನ ಮನೆಯವರು ಬಂದಾಗ ನಾನು ನೋಡಿದ್ದು ಇನ್ನೊಂದುಂಟು. ಅಮ್ಮನಿಗೆ ಅಳು ಬರುತ್ತದೆ. ಮಗ, ಸೊಸೆ, ಮಗಳು, ಅಳಿಯ ಎಲ್ಲರೂ ಅಮ್ಮನ ಸುತ್ತ. ಆ ಹತ್ತು ನಿಮಿಷ ನೀರಿನಲ್ಲಿರುವ ಮಗುವಿನ ಮೇಲೆ ಒಬ್ಬರ ಕಣ್ಣೂ ಇರುವುದಿಲ್ಲ. ದಡದಲ್ಲಿ ಕೂತವರಿಗೆ ಮಕ್ಕಳ ತಲೆ ಎಣಿಸುವುದು ಸುಲಭ. ನಿಮ್ಮ ತಂದೆ ಕೂರುತ್ತಿದ್ದ ಜಾಗದಲ್ಲಿ ಈ ಸಲ ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ಅವರು ಏನೇ ಆದರೂ ಏಳಬಾರದು, ಮೊಬೈಲ್ ಮುಟ್ಟಬಾರದು.

ಕೇಳಿದವರು ಮತ್ತೆ, ಮೂರು ವಾರದ ನಂತರ:

ಹೋಗಿಬಂದ್ವಿ. ದೊಡ್ಡಪ್ಪನ ಮನೆಗೆ ಹೋಗಿ ಹೇಳಿದ್ವಿ. ಬೈಲಿಲ್ಲ. ಹೊರಡೋ ದಿನ ಬೆಳಿಗ್ಗೆ ದೊಡ್ಡಮ್ಮನ ಕೈಲಿ ಚಕ್ಕುಲಿ ಡಬ್ಬಿ ಕಳಿಸಿದ್ರು.

ಮರವಂತೆಯಲ್ಲಿ ಅಮ್ಮ ಅರ್ಧ ಗಂಟೆ ಕಾರಿಂದ ಇಳೀಲಿಲ್ಲ. ನಾವ್ಯಾರೂ ಕರೀಲಿಲ್ಲ. ಆಮೇಲೆ ತಾವೇ ಇಳಿದು, ಕಡಲಿಗೆ ಬೆನ್ನು ಹಾಕಿ ಹೊಳೆ ಕಡೆ ಮುಖ ಮಾಡಿ ನಿಂತ್ರು. ಪಕ್ಕ ಹೋಗಿ ನಿಂತೆ. "ನಿಮ್ಮಪ್ಪಂಗೆ ನೀರು ಅಂದ್ರೆ ಜೀವ ಭಯ ಇತ್ತು ಕಣೆ. ಚಿಕ್ಕೋರಿದ್ದಾಗ ಕೆರೇಲಿ ಮುಳುಗಿದ್ರಂತೆ. ನಿಮಗೆ ಗೊತ್ತಾಗ್ಬಾರ್ದು ಅಂತ ಚಪ್ಪಲಿ ನೆಪ" ಅಂದ್ರು. ಮೂವತ್ನಾಲ್ಕು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

ಮಾರನೇ ದಿನ ಕಾಸರಕೋಡು. ದಡದಲ್ಲಿ ಕೂರೋ ಕೆಲಸ ನಮ್ಮ ಯಜಮಾನರದ್ದು. ಮಕ್ಕಳ ಮೇಲಿಂದ ಕಣ್ಣು ತೆಗೀಲಿಲ್ಲ, ಪಾಪ. ಚಪ್ಪಲಿ ಮಾತ್ರ ನೋಡ್ಕೊಳ್ಳಲಿಲ್ಲ. ಮಗನ ಎಡಗಾಲಿಂದು ತೆರೆ ಜೊತೆ ಹೋಯ್ತು. ಹೊನ್ನಾವರದಲ್ಲಿ ಹೊಸದು ಕೊಡಿಸಿಕೊಂಡು ಬಂದ್ವಿ.