ಪರದೇಶದಲ್ಲಿ ದಿನವೂ ಚೈನ್ ಕಾಫಿ ಅಂಗಡಿಗೇ ಹೋಗಿ ಕೂರುವುದು ತಪ್ಪೇ?

ಪ್ರಶ್ನೆ (ದಾವಣಗೆರೆಯವಳು, ಸದ್ಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಬೆಳೆದವಳು. ಊರಿನಲ್ಲಿಯೇ ಎಂಜಿನಿಯರಿಂಗ್ ಓದಿ, ಮುಂದಿನ ವ್ಯಾಸಂಗಕ್ಕೆಂದು ಇಲ್ಲಿಗೆ ಬಂದು ಎಂಟು ತಿಂಗಳಾಗಿದೆ. ತರಗತಿ ಮುಗಿದ ಮೇಲೆ ವಾರದಲ್ಲಿ ನಾಲ್ಕೈದು ದಿನ ರೈಲು ನಿಲ್ದಾಣದ ಹತ್ತಿರವಿರುವ ಒಂದು ಚೈನ್ ಕಾಫಿ ಅಂಗಡಿಗೆ ಹೋಗಿ, ಗಾಜಿನ ಪಕ್ಕದ ಮೂಲೆಯಲ್ಲಿ ಕುಳಿತು ಓದಿಕೊಳ್ಳುತ್ತೇನೆ. ನಮ್ಮ ಬೀದಿಯಲ್ಲಿಯೇ ಒಂದು ಹಳೆಯ ಬೇಕರಿಯಿದೆ, ಅಲ್ಲಿ ಕಾಫಿಯೂ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೂ ನನ್ನ ಕಾಲು ಅತ್ತ ಹೋಗುವುದಿಲ್ಲ.

ಅದಕ್ಕೆ ಕಾರಣವಿದೆ. ಬಂದ ಮೊದಲ ವಾರ ಆ ಬೇಕರಿಗೆ ಹೋಗಿದ್ದೆ. ಹಿಂದೆ ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ಕೌಂಟರಿನಲ್ಲಿದ್ದ ಹೆಂಗಸು ಆ ಸೀಮೆಯ ಮಾತಿನ ಧಾಟಿಯಲ್ಲಿ ಏನನ್ನೋ ಕೇಳಿದರು. ತರಗತಿಯಲ್ಲಿ ಕಲಿತ ಜರ್ಮನ್ ಭಾಷೆಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೇಳಿಸಿತು. ಅವರು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಕೇಳಿದರು. ನಾನು ಕೈಗೆ ಸಿಕ್ಕಂತೆ ಒಂದು ಕಡೆ ಬೆರಳು ತೋರಿಸಿ, ನನಗೆ ಬೇಡವಾಗಿದ್ದ ಒಂದು ಕರಿಯ ಬ್ರೆಡ್ಡಿಗೆ ಹಣ ಕೊಟ್ಟು ಹೊರಗೆ ಬಂದೆ. ಕಾಫಿಯನ್ನು ಕೇಳಲೇ ಇಲ್ಲ. ಚೈನ್ ಅಂಗಡಿಯಲ್ಲಿ ಹಾಗಾಗುವುದಿಲ್ಲ. ಯಾವ ಕಾಫಿ, ಎಷ್ಟು ದೊಡ್ಡ ಕಪ್, ಇಲ್ಲೇ ಕುಡಿಯುವುದೋ ತೆಗೆದುಕೊಂಡು ಹೋಗುವುದೋ, ಹೆಸರೇನು ಎಂಬ ನಾಲ್ಕೇ ಪ್ರಶ್ನೆಗಳು, ಅವೂ ಅದೇ ಕ್ರಮದಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡುವಾಗಲೇ ಅವು ನನಗೆ ಬಾಯಿಪಾಠವಾಗಿದ್ದವು.

ನನ್ನ ಜೊತೆ ಮನೆ ಹಂಚಿಕೊಂಡಿರುವ ಗೆಳತಿ, “ಏಳು ಸಾವಿರ ಕಿಲೋಮೀಟರ್ ದಾಟಿ ಬಂದು, ಬೆಂಗಳೂರಿನಲ್ಲಿಯೂ ಇರುವ ಅಂಗಡಿಯಲ್ಲೇ ಕೂರುತ್ತೀಯಲ್ಲ” ಎಂದು ಕೇಳಿದಳು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಈ ಊರಿನಿಂದ ಅವಿತುಕೊಳ್ಳುತ್ತಿದ್ದೇನೆಯೇ? ಒಂದು ಕಪ್ ಕಾಫಿಗೆ ಎಷ್ಟು ಹೊತ್ತು ಕೂತರೆ ಮರ್ಯಾದೆ? ಇನ್ನೊಂದು ಮಾತು: ಅಲ್ಲಿನ ಕಾಫಿ ನನಗೆ ಇಂದಿಗೂ ಕಾಫಿ ಎನ್ನಿಸಿಲ್ಲ. ಬೆಚ್ಚಗಿನ ಹಾಲನ್ನು ಬಕೆಟ್ಟಿನಲ್ಲಿ ಕೊಟ್ಟಂತಿರುತ್ತದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗದವನು, ಕೆನಡಾದ ಒಂಟಾರಿಯೊದಲ್ಲಿ ಹನ್ನೊಂದು ವರ್ಷದಿಂದ)

ತಂಗೀ, ಅವಿತುಕೊಳ್ಳುವುದೂ ಕೆಲವೊಮ್ಮೆ ಬೇಕಾಗುತ್ತದೆ, ಅದಕ್ಕೆ ನಾಚಿಕೊಳ್ಳಬೇಡಿ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕಿದ್ದೆ. ಬೆಳಗಿನ ಐದು ಗಂಟೆಗೆ ಕೆಲಸ ಬಿಟ್ಟರೆ ಮೊದಲ ಬಸ್ಸಿಗೆ ಇನ್ನೂ ಐವತ್ತು ನಿಮಿಷ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಆ ಹೊತ್ತಿನಲ್ಲಿ ದೀಪ ಹಚ್ಚಿಕೊಂಡು ಬಾಗಿಲು ತೆರೆದಿರುತ್ತಿದ್ದುದು ಟಿಮ್ ಹಾರ್ಟನ್ಸ್ ಅಂಗಡಿಯೊಂದೇ. 1964ರಲ್ಲಿ ಇದೇ ಒಂಟಾರಿಯೊದ ಹ್ಯಾಮಿಲ್ಟನ್ ನಗರದಲ್ಲಿ ಒಬ್ಬ ಹಾಕಿ ಆಟಗಾರನ ಹೆಸರಿನಲ್ಲಿ ಆರಂಭವಾದ ಈ ಚೈನ್ ಇಲ್ಲಿಯ ಜನರಿಗೆ, ನಮಗೆ ಬಸ್ ನಿಲ್ದಾಣದ ಎದುರಿನ ಹೋಟೆಲ್ ಹೇಗೋ ಹಾಗೆ. ಸಾಲಿನಲ್ಲಿ ಮುಂದಿದ್ದವರೆಲ್ಲ “ಡಬಲ್ ಡಬಲ್” ಎನ್ನುತ್ತಿದ್ದರು. ಅದೇನೆಂದು ತಿಳಿಯದೆ ನಾನೂ ಅದನ್ನೇ ಹೇಳಿದೆ. ಎರಡು ಪಾಲು ಕೆನೆ, ಎರಡು ಪಾಲು ಸಕ್ಕರೆ ಎಂದು ಅರ್ಥವಂತೆ. ನಾನು ಈ ದೇಶದಲ್ಲಿ ಇಲ್ಲಿಯವರಂತೆಯೇ ಆಡಿದ ಮೊದಲ ಮಾತು ಅದು.

ನಾನು ಹೇಳಬೇಕೆಂದಿರುವುದು ಇಷ್ಟು. ಹೊಸದಾಗಿ ಬಂದವನಿಗೆ ಊರಿನ ಯಾವ ಜಾಗಕ್ಕೆ ಹೋದರೂ ಅಲ್ಲಿನ ಕಟ್ಟುಪಾಡು ಗೊತ್ತಿರುವುದಿಲ್ಲ. ಎಲ್ಲಿ ನಿಲ್ಲಬೇಕು, ಮೊದಲು ಹಣ ಕೊಡಬೇಕೋ ಆಮೇಲೋ, ಕುಡಿದ ಕಪ್ಪನ್ನು ತಾನೇ ಎತ್ತಿಡಬೇಕೋ, ಪ್ರತಿಯೊಂದೂ ಪರೀಕ್ಷೆಯೇ. ಚೈನ್ ಅಂಗಡಿಯಲ್ಲಿ ಆ ಕಟ್ಟುಪಾಡುಗಳೆಲ್ಲ ಗೋಡೆಯ ಮೇಲೆ ಬರೆದಿರುತ್ತವೆ, ಎಲ್ಲರಿಗೂ ಒಂದೇ. ಅಲ್ಲಿ ನೀವು ಪರದೇಶಿಯೆಂದು ಯಾರಿಗೂ ಎದ್ದು ಕಾಣುವುದಿಲ್ಲ, ಏಕೆಂದರೆ ಆ ಅಂಗಡಿ ಆ ಊರಿನದೇ ಅಲ್ಲ. ಅಲ್ಲಿ ಎಲ್ಲರೂ ಅಷ್ಟಿಷ್ಟು ಹೊರಗಿನವರೇ. ಕೌಂಟರಿನ ಆಚೆ ನಿಂತವರೂ ಬಹಳಷ್ಟು ಸಲ ನಮ್ಮಂತೆಯೇ ವಲಸೆ ಬಂದವರು. ದಿನವಿಡೀ ತಪ್ಪು ಮಾಡಿ ದಣಿದವರಿಗೆ ತಪ್ಪಾಗದ ಒಂದು ಜಾಗ ಬೇಕು.

ಎಷ್ಟು ಹೊತ್ತು ಕೂರಬಹುದು ಎಂದು ಕೇಳಿದ್ದೀರಿ. ಈ ವಿಷಯದಲ್ಲಿ ದೇಶಕ್ಕೊಂದು, ಕಾಲಕ್ಕೊಂದು ನಿಯಮ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 2018ರಲ್ಲಿ ಸ್ಟಾರ್‌ಬಕ್ಸ್ ಎಂಬ ಕಾಫಿ ಚೈನ್‌ನ ಒಂದು ಅಂಗಡಿಯಲ್ಲಿ ಏನನ್ನೂ ಕೊಳ್ಳದೆ ಪರಿಚಿತರಿಗಾಗಿ ಕಾಯುತ್ತಿದ್ದ ಇಬ್ಬರು ಕಪ್ಪು ತರುಣರನ್ನು ಪೊಲೀಸರು ಬಂಧಿಸಿದ ಪ್ರಕರಣದ ನಂತರ, ಸ್ಟಾರ್‌ಬಕ್ಸ್ ತನ್ನ ಅಂಗಡಿಯಲ್ಲಿ ಕೊಳ್ಳದವರೂ ಕೂರಬಹುದೆಂದು ಪ್ರಕಟಿಸಿತ್ತು. 2025ರ ಜನವರಿಯಲ್ಲಿ ಉತ್ತರ ಅಮೆರಿಕದ ಮಟ್ಟಿಗೆ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆದ್ದರಿಂದ ಏನಾದರೂ ಕೊಂಡೇ ಕುಳಿತುಕೊಳ್ಳಿ. ನನ್ನ ಲೆಕ್ಕದಲ್ಲಿ ಒಂದು ಕಪ್ಪಿಗೆ ಒಂದೂವರೆ ಗಂಟೆ ಸಲ್ಲುತ್ತದೆ. ಜನ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದರೆ ಏಳಿ, ಖಾಲಿಯಿದ್ದರೆ ಸಂಕೋಚ ಬೇಡ. ನಮ್ಮೂರಿನ ಹೋಟೆಲುಗಳಲ್ಲಿ “ಅನಾವಶ್ಯಕವಾಗಿ ಹೆಚ್ಚು ಹೊತ್ತು ಕೂರಬಾರದು” ಎಂಬ ಫಲಕದ ಕೆಳಗೆ ಬೆಳೆದವರು ನಾವು, ಹಾಗಾಗಿ ಕಪ್ ಖಾಲಿಯಾದೊಡನೆ ಎದೆ ಹೊಡೆದುಕೊಳ್ಳುತ್ತದೆ.

ಉತ್ತರ 2 (ಜಪಾನಿನ ಒಸಾಕಾದಲ್ಲಿ ಆರು ವರ್ಷವಿದ್ದು, ಈಗ ದಾವಣಗೆರೆಗೆ ಮರಳಿರುವವನು)

ಕಾಫಿಯ ಬಗ್ಗೆ ಮಾತ್ರ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಪರಿಹಾರವಿದೆ.

ನಿಮಗೆ ಅದು ಬೆಚ್ಚಗಿನ ಹಾಲು ಎನ್ನಿಸುವುದು ಭ್ರಮೆಯಲ್ಲ. ಅಲ್ಲಿ ಹಾಲನ್ನು ಕುದಿಸುವುದಿಲ್ಲ. ಹಬೆಯ ಕೊಳವೆಯಿಂದ 60ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನಿಲ್ಲಿಸುತ್ತಾರೆ. ಅದಕ್ಕಿಂತ ಬಹಳ ಹೆಚ್ಚು ಕಾದರೆ ನೊರೆ ಒರಟಾಗುತ್ತದೆ, ಹಾಲಿನ ಸಿಹಿ ಕುಗ್ಗುತ್ತದೆ ಎಂಬುದು ಅವರ ಲೆಕ್ಕ. ನಾವೋ ಉಕ್ಕಿದ ಹಾಲಿಗೆ ಡಿಕಾಕ್ಷನ್ ಬೆರೆಸಿ, ಲೋಟದಿಂದ ಬಟ್ಟಲಿಗೆ ಬಟ್ಟಲಿನಿಂದ ಲೋಟಕ್ಕೆ ಹೊಯ್ದು, ಊದಿಕೊಂಡು ಕುಡಿಯುವವರು. ಜೊತೆಗೆ ನಮ್ಮ ಹೋಟೆಲಿನ ಪುಡಿಯಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಪಾಲು ಚಿಕೋರಿ ಇರುವುದು ಸಾಮಾನ್ಯ; ನಾಲಿಗೆಗೆ ಅಂಟುವ ಆ ದಪ್ಪ ಕಹಿ ಅದರಿಂದ ಬರುವಂಥದ್ದು. ಚೈನ್ ಅಂಗಡಿಯಲ್ಲಿ ಚಿಕೋರಿಯನ್ನು ನಿರೀಕ್ಷಿಸಬೇಡಿ. ನೀವಿರುವ ಜರ್ಮನಿಗೂ ಚಿಕೋರಿಗೂ ಹಳೆಯ ನಂಟಿದೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ: 18ನೆಯ ಶತಮಾನದಲ್ಲಿ ಅಂದಿನ ಜರ್ಮನ್ ರಾಜ್ಯವಾದ ಪ್ರಶ್ಯದ ದೊರೆ ಎರಡನೆಯ ಫ್ರೆಡರಿಕ್ ಕಾಫಿಯನ್ನು ಹತ್ತಿಕ್ಕಲು ಹೊರಟು, ಜನ ಕದ್ದು ಹುರಿಯುತ್ತಿದ್ದಾರೆಯೇ ಎಂದು ವಾಸನೆ ಹಿಡಿಯಲು ಆಳುಗಳನ್ನೇ ನೇಮಿಸಿದ್ದ, ಆ ಕಾಲದಲ್ಲಿ ಅಲ್ಲಿನ ಸಾಮಾನ್ಯರು ಕುಡಿದದ್ದು ಚಿಕೋರಿಯ ಬೇರಿನ ಕಷಾಯವನ್ನೇ.

ಅಳತೆಯದೇ ಇನ್ನೊಂದು ತೊಡಕು. ಸ್ಟಾರ್‌ಬಕ್ಸ್‌ನಲ್ಲಿ “ಟಾಲ್” ಎಂದರೆ ದೊಡ್ಡದೆಂದು ತಿಳಿಯುತ್ತೇವೆ, ಆದರೆ ಫಲಕದಲ್ಲಿ ಸಾಮಾನ್ಯವಾಗಿ ಅದೇ ಚಿಕ್ಕದು, ಸುಮಾರು 350 ಮಿಲಿಲೀಟರ್. “ವೆಂಟಿ” ಎಂದರೆ ಇಟಾಲಿಯನ್ ಭಾಷೆಯಲ್ಲಿ ಇಪ್ಪತ್ತು, ಅಂದರೆ 20 ಔನ್ಸ್, ಅರ್ಧ ಲೀಟರಿಗೂ ಹೆಚ್ಚು. ನೂರು ಮಿಲಿಲೀಟರಿನ ಲೋಟವನ್ನೂ ಬೈ ಟೂ ಮಾಡಿ ಕುಡಿಯುವ ನಮಗೆ ಇದು ಹೇಗೆ ಒಗ್ಗೀತು? ಫಲಕದಲ್ಲಿ ಕಾಣದಿದ್ದರೂ “ಶಾರ್ಟ್” ಎಂಬ 240 ಮಿಲಿಲೀಟರಿನ ಕಪ್ ಹಲವು ಕಡೆ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಲಾಟೆ ಎಂಬ ಹಾಲು ಕಾಫಿಯಲ್ಲಿ ಶಾರ್ಟ್ ಕಪ್ಪಿಗೂ ಟಾಲ್ ಕಪ್ಪಿಗೂ ಹಾಕುವುದು ಸಾಮಾನ್ಯವಾಗಿ ಒಂದೇ ಎಸ್‌ಪ್ರೆಸೊ, ಅಂದರೆ ಸುಮಾರು 30 ಮಿಲಿಲೀಟರ್ ಕಷಾಯ. ಕಪ್ ದೊಡ್ಡದಾದಂತೆ ಹೆಚ್ಚುವುದು ಹಾಲು. ಆದ್ದರಿಂದ ಶಾರ್ಟ್ ಕೇಳಿ, ಎರಡು ಎಸ್‌ಪ್ರೆಸೊ ಹಾಕಲು ಹೇಳಿ, ಹಾಲು “ಎಕ್ಸ್‌ಟ್ರಾ ಹಾಟ್” ಇರಲೆಂದು ಹೇಳಿ. ಬೇರೆ ಅಂಗಡಿಗಳಾದರೆ ಫ್ಲಾಟ್ ವೈಟ್ ಅಥವಾ ಕೊರ್ಟಾಡೊ ಕೇಳಿ, ಅವುಗಳಲ್ಲಿ ಹಾಲು ಕಡಿಮೆ. ಎಲ್ಲವೂ ಸೇರಿದರೆ ಫಿಲ್ಟರ್ ಕಾಫಿಯ ನೆರೆಮನೆಯವರೆಗಾದರೂ ತಲುಪಬಹುದು.

ಒಸಾಕಾದಲ್ಲಿ ನಾನು ಕಂಡ ಒಂದು ಸಂಗತಿ. ಅಲ್ಲಿ ಡೌಟೊರ್ ಎಂಬ ಕಾಫಿ ಚೈನ್‌ನಂಥ ಅಂಗಡಿಗಳಲ್ಲಿ ಮೊದಲು ಮೇಜು ಹಿಡಿದು, ಅದರ ಮೇಲೆ ಕರವಸ್ತ್ರವನ್ನೋ ಚೀಲವನ್ನೋ ಇಟ್ಟು, ಆಮೇಲೆ ಸಾಲಿಗೆ ಹೋಗುತ್ತಾರೆ. ಮೊದಲ ಸಲ ನೋಡಿದಾಗ ನನಗೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು ನೆನಪಾಗಿ, ಅಂದಿನಿಂದ ಆ ಊರಿನ ಮೇಲೆ ಒಂದು ಬಗೆಯ ಸಲಿಗೆ ಹುಟ್ಟಿತು. ಚೈನ್ ಅಂಗಡಿಯೆಂದರೆ ಎಲ್ಲೆಡೆಯೂ ಒಂದೇ ಎನ್ನುವ ನಿಮ್ಮ ಗೆಳತಿಯ ಮಾತನ್ನು ನಾನು ಒಪ್ಪಲಾರೆ. ಕಪ್ ಒಂದೇ, ಕುಡಿಯುವವರು ಬೇರೆ. ತಲೆಯೆತ್ತಿ ಸುತ್ತ ನೋಡಿದರೆ ಆ ಊರು ಅಲ್ಲಿಯೂ ಇರುತ್ತದೆ.

ಉತ್ತರ 3 (ನಿವೃತ್ತ ಶಿಕ್ಷಕಿ, ದಾವಣಗೆರೆ)

ಮಗಳೇ, ನಾನು ಮೆಲ್ಬರ್ನಿನಲ್ಲಿ ಮಗನ ಮನೆಯಲ್ಲಿ ಐದು ತಿಂಗಳಿದ್ದೆ. ಆ ಊರಿನವರಿಗೆ ಬೀದಿಯ ಸಣ್ಣ ಕಾಫಿ ಅಂಗಡಿಗಳ ಮೇಲೆ ಬಹಳ ಅಭಿಮಾನ. ಎರಡನೆಯ ಮಹಾಯುದ್ಧದ ನಂತರ ವಲಸೆ ಬಂದ ಇಟಲಿ ಮತ್ತು ಗ್ರೀಸಿನ ಜನ ಅಲ್ಲಿ ಕಾಫಿಯ ರುಚಿಯನ್ನು ಬೆಳೆಸಿದರು. ಆ ದೇಶದಲ್ಲಿ ಸ್ಟಾರ್‌ಬಕ್ಸ್ 2008ರಲ್ಲಿ ತನ್ನ ಅಂಗಡಿಗಳ ಪೈಕಿ ಅರವತ್ತಕ್ಕೂ ಹೆಚ್ಚನ್ನು ಮುಚ್ಚಬೇಕಾಯಿತು. ಮಗನೂ ಚೈನ್ ಅಂಗಡಿಗೆ ಹೋಗಬೇಡವೆಂದೇ ಹೇಳುತ್ತಿದ್ದ. ಆದರೆ ಅವನು ಕೆಲಸಕ್ಕೆ ಹೋದ ಮೇಲೆ ನಾನು ಒಬ್ಬಳೇ ಹೋಗಬಲ್ಲ ಜಾಗ ಮಾಲ್‌ನೊಳಗಿನ ಚೈನ್ ಅಂಗಡಿಯೊಂದೇ ಆಗಿತ್ತು, ಏಕೆಂದರೆ ಅಲ್ಲಿ ಚಿತ್ರಕ್ಕೆ ಬೆರಳು ತೋರಿಸಿದರೆ ಸಾಕಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಮಾತು ಕಲಿಸಿದವಳಿಗೆ ಬೆರಳು ತೋರಿಸಿ ಕೇಳುವ ಸ್ಥಿತಿ ಬಂದಾಗ ಹೇಗಾಗುತ್ತದೆ ಎಂಬುದನ್ನು ಬಲ್ಲೆ. ನಿನ್ನ ಕರಿಯ ಬ್ರೆಡ್ಡಿನ ಪ್ರಸಂಗ ಓದಿ ನನಗೆ ಕಣ್ಣು ತುಂಬಿತು.

ಒಂದು ಮಾತು ಹೇಳುತ್ತೇನೆ. ಬೇಕರಿಗೆ ಮತ್ತೆ ಹೋಗು, ಆದರೆ ಸಾಲಿಲ್ಲದ ಹೊತ್ತಿನಲ್ಲಿ, ಮಧ್ಯಾಹ್ನ ಎರಡು ಮೂರು ಗಂಟೆಗೆ. ಹೇಳಬೇಕಾದ ಒಂದೇ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಹೇಳಿಕೊಂಡು ಹೋಗು. ಅರ್ಥವಾಗದಿದ್ದರೆ “ನಿಧಾನವಾಗಿ ಹೇಳಿ” ಎಂದು ಕೇಳುವುದಕ್ಕೂ ಒಂದು ವಾಕ್ಯವನ್ನು ಸಿದ್ಧವಾಗಿಟ್ಟುಕೊ. ಆ ಹೆಂಗಸು ದನಿಯೇರಿಸಿದ್ದು ಸಿಟ್ಟಿನಿಂದಲೇ ಎಂದು ಏಕೆ ತಿಳಿಯಬೇಕು? ನಮ್ಮೂರಿನಲ್ಲಿ ಹೊರಗಿನವರಿಗೆ ಕನ್ನಡ ತಿಳಿಯದಿದ್ದಾಗ ನಾವೂ ಅದೇ ಕನ್ನಡವನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇವೆ.

ಪ್ರಶ್ನೆ ಕೇಳಿದವಳಿಂದ, ಒಂಬತ್ತು ದಿನಗಳ ನಂತರ

ಅಣ್ಣಂದಿರಿಗೂ ಅಮ್ಮನವರಿಗೂ ವಂದನೆಗಳು. ಮೊದಲು ಕಾಫಿಯ ವಿಷಯ: ಶಾರ್ಟ್ ಕಪ್ಪಿನಲ್ಲಿ ಎರಡು ಎಸ್‌ಪ್ರೆಸೊ, ಹಾಲು ಬಹಳ ಬಿಸಿಯಾಗಿರಲೆಂದು ಕೇಳಿದೆ. ಆ ಹುಡುಗಿ ಒಮ್ಮೆ ಖಚಿತಪಡಿಸಿಕೊಂಡು ಮಾಡಿಕೊಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ಕಾಫಿಗೆ ನಾಲಿಗೆ ಸುಟ್ಟಿತು, ಊದಿಕೊಂಡು ಕುಡಿದೆ. ಚಿಕೋರಿಯಿಲ್ಲದ ಕೊರತೆ ಇದ್ದೇ ಇದೆ. ಅಮ್ಮನಿಗೆ ಹೇಳಿ ಊರಿನಿಂದ ಅರ್ಧ ಕೆಜಿ ಪುಡಿ ತರಿಸಿಕೊಳ್ಳುತ್ತಿದ್ದೇನೆ.

ಗುರುವಾರ ಎರಡೂವರೆಗೆ ಬೇಕರಿಗೆ ಹೋಗಿದ್ದೆ. ಅದೇ ಹೆಂಗಸಿದ್ದರು, ಸಾಲಿರಲಿಲ್ಲ. ಒಂದು ಕಾಫಿ ಬೇಕು, ಇಲ್ಲೇ ಕುಡಿಯುತ್ತೇನೆ ಎಂಬ ನನ್ನ ವಾಕ್ಯವನ್ನು ಹೇಳಿದೆ. ಅವರು ಮತ್ತೆ ಏನನ್ನೋ ಕೇಳಿದರು, ನಿಧಾನವಾಗಿ ಹೇಳಿ ಎಂದೆ. ಅವರು ಹಾಲಿನ ಜಗ್ಗನ್ನು ಎತ್ತಿ ತೋರಿಸಿ, ಒಂದೊಂದೇ ಪದವನ್ನು ಬಿಡಿಸಿ ಹೇಳಿದರು: ಹಾಲು ಬೇಕೋ ಬೇಡವೋ? ಬೇಕೆಂದೆ. ನಾಲ್ಕು ಮೇಜುಗಳಲ್ಲಿ ಕಿಟಕಿಯ ಹತ್ತಿರದ್ದು ಖಾಲಿಯಿತ್ತು, ಅರ್ಧ ಗಂಟೆ ಕುಳಿತಿದ್ದೆ. ಓದುವುದಕ್ಕೆ ಈಗಲೂ ನಿಲ್ದಾಣದ ಬಳಿಯ ಅಂಗಡಿಗೇ ಹೋಗುತ್ತೇನೆ. ಗುರುವಾರ ಮಾತ್ರ ಬೇಕರಿಗೆ.