ಹಳೇ ಬಂಕ್ ಪಕ್ಕದ ಬೋರ್ ನೀರಿಗೆ ಪೆಟ್ರೋಲ್ ವಾಸನೆ, ರಿಪೋರ್ಟಲ್ಲಿ ಮಾತ್ರ ಎಲ್ಲ ಸರಿ

ಹಾಸನದ_ಕಡೆಯವ:
ನಮ್ಮ ಮನೆ ಹಿಂದೆ ಮೊದಲು ಪೆಟ್ರೋಲ್ ಬಂಕ್ ಇತ್ತು. ಮುಚ್ಚಿ ಎಷ್ಟೋ ವರ್ಷ ಆಯ್ತು, ನೆಲದೊಳಗಿನ ಟ್ಯಾಂಕನ್ನು ಈಚೆಗಷ್ಟೇ ಕಿತ್ತರು. ಬೆಳಿಗ್ಗೆ ಮೋಟರ್ ಹಾಕಿದ ಕೂಡಲೇ ಬರೋ ನೀರಿಗೆ ಪೆಟ್ರೋಲ್ ವಾಸನೆ, ಆಮೇಲೆ ಕಮ್ಮಿಯಾಗುತ್ತೆ. ಲ್ಯಾಬಿನವರು ಅಡುಗೆಮನೆ ನಲ್ಲಿಯಿಂದ ಕ್ಯಾನಿಗೆ ಹಿಡಿದು ಒಯ್ದು, ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಿ ‘ಕುಡಿಯಲು ಯೋಗ್ಯ’ ಅಂತ ಬರೆದುಕೊಟ್ಟಿದ್ದಾರೆ. ಮನೇಲಿ ಚಿಕ್ಕ ಮಗು ಇದೆ. ಕಾಯಿಸಿ ಕುಡಿದರೆ ಸಾಕಾ?

ಅಂತರ್ಜಲ_ಮಿತ್ರ:
ದಯವಿಟ್ಟು ಕುಡಿಯೋದು, ಅಡುಗೆಗೆ ಬಳಸೋದು ಇವತ್ತೇ ನಿಲ್ಲಿಸಿ. ಕಾಯಿಸೋದಂತೂ ಬೇಡವೇ ಬೇಡ. ಪೆಟ್ರೋಲಿನಲ್ಲಿರೋ ಬೆಂಜೀನ್ ಅನ್ನೋ ವಿಷ ಹಬೆ ಜೊತೆ ಎದ್ದು ಅಡುಗೆಮನೆ ಗಾಳಿಗೇ ಸೇರುತ್ತೆ. ಬಿಸಿನೀರ ಸ್ನಾನಕ್ಕೂ ಇದೇ ಮಾತು.

ಆ ರಿಪೋರ್ಟ್ ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ. ಟಿಡಿಎಸ್ ಮೀಟರಿಗೆ ಕರಗಿದ ಲವಣ ಸಿಗುತ್ತೆ, ಪೆಟ್ರೋಲ್ ಸಿಗಲ್ಲ. ನೀವು ಮಾಡಿಸಬೇಕಾದ್ದು ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್ ಈ ನಾಲ್ಕು, ಜೊತೆಗೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್. ಬಂಕ್ 2000ಕ್ಕಿಂತ ಹಿಂದಿನದಾದರೆ ಸೀಸವನ್ನೂ ಸೇರಿಸಿ, ಆಗಿನ ಪೆಟ್ರೋಲಿಗೆ ಅದನ್ನು ಬೆರೆಸ್ತಿದ್ರು. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂದರೆ ಸಾಲದು, ನೀರಿನಲ್ಲಿ ಬೆಂಜೀನ್ ಅಳೆಯೋಕೂ ಇದೆಯಾ, ಎಷ್ಟು ಕಡಿಮೆ ಇದ್ದರೂ ಹಿಡೀತಾರಾ ಅಂತ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಕುಡಿಯೋ ನೀರಲ್ಲಿ ಬೆಂಜೀನ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅವರ ಯಂತ್ರ 0.05ಕ್ಕಿಂತ ಕೆಳಗೆ ನೋಡಲಾರದು ಅಂದ್ರೆ ‘ಪತ್ತೆಯಾಗಿಲ್ಲ’ ಅಂತ ಬಂದರೂ ನೆಚ್ಚಿಕೊಳ್ಳಬೇಡಿ.

ಹಾಸನದ_ಕಡೆಯವ:
ಸ್ಯಾಂಪಲ್ ನಾನೇ ಹಿಡಿಯಬಹುದಾ ಸರ್? ಆರ್‌ಒ ಇದೆ, ಅದರ ನೀರು ಆಗಲ್ವಾ?

ಅಂತರ್ಜಲ_ಮಿತ್ರ:
ಆರ್‌ಒ ನೆಚ್ಚಬೇಡಿ. ಸದ್ಯಕ್ಕೆ ಹೊರಗಿನ ನೀರೇ ತರಿಸಿ.

ಲ್ಯಾಬಿನವರೇ ಬಂದು ಹಿಡಿದರೆ ಒಳ್ಳೇದು, ಆದರೆ ನೀವು ಪಕ್ಕದಲ್ಲೇ ನಿಂತು ನೋಡಿ, ಕೆಡೋದು ಇಲ್ಲೇ. ಓವರ್‌ಹೆಡ್ ಟ್ಯಾಂಕ್ ಹತ್ತಿ ಇಳಿದ ನೀರಲ್ಲಿ ಎಷ್ಟೋ ಪೆಟ್ರೋಲ್ ಆಗಲೇ ಹಾರಿಹೋಗಿರುತ್ತೆ. ಬೋರ್ ಬಾಯಲ್ಲೇ, ಟ್ಯಾಂಕಿಗೆ ಹೋಗೋ ಮೊದಲೇ ಹಿಡೀಬೇಕು. ಪ್ಲಾಸ್ಟಿಕ್ ಕ್ಯಾನ್ ಬೇಡ. 40 ಮಿ.ಲೀ. ಗಾಜಿನ ಪುಟ್ಟ ಶೀಶೆ, ಮುಚ್ಚಳದೊಳಗೆ ಟೆಫ್ಲಾನ್ ಪದರ ಇರೋದು, ಅವರೇ ಕೊಡ್ತಾರೆ. ಒಳಗೆ ಮೊದಲೇ ಆಸಿಡ್ ಹನಿ ಹಾಕಿರುತ್ತಾರೆ, ಹಾಗಾಗಿ ತೊಳೀಬಾರದು, ಉಕ್ಕಿ ಹರಿಸಲೂಬಾರದು. ನೀರನ್ನು ಸಣ್ಣ ಧಾರೆಯಲ್ಲಿ ಗೋಡೆಗುಂಟ ಇಳಿಸಿ, ಮೇಲೆ ಉಬ್ಬಿ ನಿಲ್ಲೋವರೆಗೆ ತುಂಬಿ ಮುಚ್ಚಿ. ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿ. ಗಾಳಿಗುಳ್ಳೆ ಬಟಾಣಿ ಕಾಳಿನಷ್ಟು ಕಂಡರೆ ಆ ಶೀಶೆ ಬಿಟ್ಟು ಇನ್ನೊಂದು ತುಂಬಿಸಿ. ಆಮೇಲೆ ಐಸ್ ಡಬ್ಬಿಗೆ. ಆ ಹೊತ್ತಿಗೆ ಹತ್ತಿರ ಬೈಕ್, ಜನರೇಟರ್ ಓಡಬಾರದು.

ನಿಮ್ಮ ವಾಸನೆ ಬೆಳಿಗ್ಗೆ ಮಾತ್ರ ಅಂತೀರಲ್ಲ, ಅದಕ್ಕೇ ಮೋಟರ್ ಹಾಕಿದ ಕೂಡಲೇ ಒಂದು, ಚೆನ್ನಾಗಿ ಓಡಿಸಿದ ಮೇಲೆ ಒಂದು ಹಿಡಿಸಿ, ಬೇರೆ ಬೇರೆ ಚೀಟಿ ಅಂಟಿಸಿ.

ಮಲ್ನಾಡ್_ಬಾವಿ:
ಪಕ್ಕದವರ ಬೋರ್ ಸರಿ ಇದೆ ಅಂತ ಸಮಾಧಾನ ಪಡಬೇಡಿ. ಗಟ್ಟಿ ಕಲ್ಲಿನ ಜಾಗದಲ್ಲಿ ನೀರು ಬಿರುಕು ಹಿಡಿದು ಓಡುತ್ತೆ. ಮಳೆಗಾಲ ಮುಗಿದು ನೀರಿನ ಮಟ್ಟ ಏರಿದ ಮೇಲೆ ಮತ್ತೊಮ್ಮೆ ಮಾಡಿಸಿ. ಬೆಂಜೀನ್ ಸಿಕ್ಕರೆ ರಿಪೋರ್ಟ್ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಟ್ಯಾಂಕ್ ತೆಗೆದ ಗುಂಡಿಯ ಮಣ್ಣನ್ನೂ ಪರೀಕ್ಷಿಸಿ ಅಂತ ಅದರಲ್ಲೇ ಕೇಳಿ.